ಒದ್ದೆ ಮಣ್ಣಿನಲ್ಲಿ ಬಾಡುವ ಫೈಕಸ್: ಬೇರು ಕೊಳೆಗೆ ನಾನು ಮಾಡುವ ಚಿಕಿತ್ಸೆ

ಮಣ್ಣು ಒದ್ದೆಯಾಗಿದೆ, ಎಲೆ ಮಾತ್ರ ಜೋತುಬಿದ್ದಿದೆ. ಇವೆರಡೂ ಒಟ್ಟಿಗೆ ಕಂಡರೆ ನಾನು ಗಿಡಕ್ಕೆ ಇನ್ನೊಂದು ಹನಿ ನೀರೂ ಹಾಕುವುದಿಲ್ಲ. ಬಾಯಾರಿ ಬಾಡಿದ ಗಿಡ, ಬೇರು ಕೊಳೆತು ಬಾಡಿದ ಗಿಡ ಎರಡೂ ಮೇಲಿನಿಂದ ನೋಡಲು ಹೆಚ್ಚುಕಡಿಮೆ ಒಂದೇ ಥರ. ಕೊಳೆತ ಬೇರಿಗೆ ನೀರು ಹೀರುವ ಶಕ್ತಿ ಇರುವುದಿಲ್ಲ, ಹಾಗಾಗಿ ನೀರಿನ ನಡುವೆಯೇ ಗಿಡ ಒಣಗುತ್ತದೆ. ಅದನ್ನು ಕಂಡು ಮತ್ತಷ್ಟು ನೀರು ಹುಯ್ದರೆ ಉಳಿದ ಬೇರೂ ಹೋಗುತ್ತದೆ.

ಹಾಗೆಂದು ಎಲೆ ಉದುರಿದ ಕೂಡಲೇ ಗಿಡ ಕೀಳಬೇಡಿ. ಬೆಂಜಮಿನಾ ಎಂಬ ಸಣ್ಣ ಎಲೆಯ ಫೈಕಸ್ ಜಾಗ ಬದಲಾಯಿಸಿದರೆ, ಬೆಳಕು ಕಡಿಮೆಯಾದರೆ, ಎಸಿಯ ತಣ್ಣನೆಯ ಗಾಳಿ ನೇರವಾಗಿ ಬಡಿದರೆ ಸಾಕು, ಹಸಿರು ಎಲೆಗಳನ್ನೇ ಉದುರಿಸಿಬಿಡುತ್ತದೆ. ಪಿಟೀಲಿನಾಕಾರದ ದೊಡ್ಡ ಎಲೆಯ ಫೈಕಸ್ ಆದ ಫಿಡಲ್ ಲೀಫ್‌ನ ಎಳೆ ಎಲೆಯಲ್ಲಿ ಕಾಣುವ ಸಣ್ಣ ಕೆಂಪು ಚುಕ್ಕೆಗಳೂ ಸಾಮಾನ್ಯವಾಗಿ ನೀರಿನ ಏರುಪೇರಿನಿಂದ ಆದವು, ಕೊಳೆಯಲ್ಲ. ನನಗೆ ಅನುಮಾನ ಬರುವುದು ಕೆಳಗಿನ ಎಲೆಗಳು ಹಳದಿಯಾಗಿ ಉದುರುವಾಗ, ಕಡುಕಂದು ಮೆತ್ತನೆಯ ಮಚ್ಚೆ ದಿನೇ ದಿನೇ ಹರಡುವಾಗ, ನೀರು ಹಾಕಿ ಹತ್ತು ದಿನವಾದರೂ ಕುಂಡದ ತೂಕ ಇಳಿಯದಿದ್ದಾಗ. ಕುಂಡದ ತಳದ ತೂತಿಗೆ ಮೂಗು ಹಿಡಿದಾಗ ಚರಂಡಿಯ ವಾಸನೆ ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ.

ಗಿಡ ಹೊರತೆಗೆಯಲು ಕುಂಡವನ್ನು ಮಗ್ಗುಲಿಗೆ ಮಲಗಿಸಿ, ಸುತ್ತಲೂ ತಟ್ಟಿ, ಕಾಂಡದ ಬುಡ ಹಿಡಿದು ಮೆಲ್ಲಗೆ ಜಾರಿಸುತ್ತೇನೆ. ಹಳೆ ಮಣ್ಣನ್ನು ಕೈಯಿಂದ ಉದುರಿಸಿ, ಉಳಿದದ್ದನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯುತ್ತೇನೆ. ಇಲ್ಲಿ ಬಹಳ ಜನ ಎಡವುವುದು ಬಣ್ಣದ ವಿಷಯದಲ್ಲಿ. ಆರೋಗ್ಯದ ಬೇರು ಬೆಳ್ಳಗಿರುತ್ತದೆ ಎಂಬ ಮಾತು ಫೈಕಸ್‌ಗೆ ಪೂರ್ತಿ ಹೊಂದುವುದಿಲ್ಲ. ಇದರ ತುದಿಬೇರು ಬಿಳಿ, ಬಲಿತ ಬೇರು ಕಂದು, ಎಷ್ಟೋ ಸಲ ಕೆಂಪು ಛಾಯೆಯ ಕಂದು. ಕಂದು ಎಂದು ಕತ್ತರಿಸುತ್ತ ಹೋದರೆ ಒಳ್ಳೆಯ ಬೇರೆಲ್ಲ ಕಸದ ಬುಟ್ಟಿಗೆ. ಅದಕ್ಕೆ ನಾನು ಬೆರಳನ್ನು ನಂಬುತ್ತೇನೆ. ಬೇರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತುದಿಯ ಕಡೆಗೆ ಎಳೆಯಿರಿ. ಗಟ್ಟಿಯಾಗಿದ್ದು ಎಳೆತಕ್ಕೆ ಬಗ್ಗದಿದ್ದರೆ ಜೀವ ಇದೆ. ಸಿಪ್ಪೆ ಒರೆಯಂತೆ ಜಾರಿ ಕೈಗೆ ಬಂದು, ಒಳಗಿನ ನೂಲಿನಂಥ ಎಳೆಯೊಂದೇ ಉಳಿದರೆ ಅದು ಸತ್ತ ಬೇರು. ಬೇರು ಕೊಳೆಸುವ ಪಿಥಿಯಂ ಎಂಬ ರೋಗಾಣು ಹಿಡಿದ ಬೇರಿನ ಗುರುತೇ ಇದು.

ಕತ್ತರಿಯನ್ನು 70% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕೊಳೆತ ಭಾಗದಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಅಂದರೆ ಒಳಗೆ ತಿಳಿಬಣ್ಣದ ಗಟ್ಟಿ ಅಂಗಾಂಶ ಕಾಣುವವರೆಗೆ ಕತ್ತರಿಸುತ್ತೇನೆ. ಕೊಳೆತ ಬೇರು ಮುಟ್ಟಿದ ಪ್ರತಿ ಸಲವೂ ಮತ್ತೆ ಒರೆಸಬೇಕು. ಜೀವಂತ ಬೇರು ಕತ್ತರಿಸಿದ ಕಡೆ ಬಿಳಿ ಸೊನೆ ಒಸರುತ್ತದೆ. ಅದು ಒಳ್ಳೆಯ ಲಕ್ಷಣವೇ, ಆದರೆ ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ ತರುವಂಥದ್ದು, ಕೈಗವಸು ಹಾಕಿಕೊಳ್ಳಿ. ಬೇರನ್ನು ಕಾಗದದ ಮೇಲೆ ನೆರಳಲ್ಲಿ ಅರ್ಧ ಗಂಟೆ ಬಿಟ್ಟರೆ ಗಾಯ ಮುಚ್ಚಿಕೊಳ್ಳುತ್ತದೆ. ರಾತ್ರಿಯಿಡೀ ಒಣಗಿಸಬೇಡಿ, ಉಳಿದ ಸಣ್ಣ ಬೇರುಗಳು ಸಾಯುತ್ತವೆ.

ಔಷಧಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಪಾಲಿಗೆ ನೀರು ಮೂರು ಪಾಲು ಬೆರೆಸಿ ಒಂದೇ ಒಂದು ಸಲ ಬೇರಿನ ಮೇಲೆ ಸುರಿಯಬಹುದು. ಮೇಲ್ಮೈಯ ಸೂಕ್ಷ್ಮಾಣುಗಳು ಸಾಯುತ್ತವೆ, ಅಷ್ಟೇ. ನೊರೆ ಉಕ್ಕುವುದನ್ನು ನೋಡಿ ಕಾಯಿಲೆ ಹೋಯಿತೆಂದು ತಿಳಿಯಬೇಡಿ, ಕೆಲವೇ ನಿಮಿಷಗಳಲ್ಲಿ ಅದರ ಕೆಲಸ ಮುಗಿದಿರುತ್ತದೆ. ದಾಲ್ಚಿನ್ನಿ ಪುಡಿ ನಾನು ಹಾಕುವುದಿಲ್ಲ. ಶಿಲೀಂಧ್ರನಾಶಕ ಹಾಕುವುದಾದರೆ ಯಾವುದು ಎಂಬುದು ಮುಖ್ಯ. ಪಿಥಿಯಂ, ಅದರಂತೆಯೇ ಬೇರು ಕೊಳೆಸುವ ಫೈಟಾಫ್ಥೊರಾ ನಿಜವಾದ ಶಿಲೀಂಧ್ರಗಳಲ್ಲ, ನೀರಿನಲ್ಲಿ ಈಜುವ ಬೀಜಕಗಳ ಬೇರೆಯದೇ ಗುಂಪು. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇವುಗಳಿಗೆ ತಾಗುವುದೇ ಇಲ್ಲ. ಮೆಟಲಾಕ್ಸಿಲ್ ಅಥವಾ ಫೊಸೆಟೈಲ್ ಅಲ್ಯುಮಿನಿಯಂ ಇರುವ ಔಷಧಿ ಬೇಕು, ಅದೂ ಲೇಬಲ್ಲಿನ ಮೇಲಿರುವ ಪ್ರಮಾಣದಲ್ಲಿ. ರೈಜೊಕ್ಟೋನಿಯಾ, ಫ್ಯುಸೇರಿಯಂ ಎಂಬ ನಿಜವಾದ ಶಿಲೀಂಧ್ರಗಳಾಗಿದ್ದರೆ ಕಾರ್ಬೆಂಡಜಿಮ್‌ಗೆ ಅರ್ಥ ಇದೆ, ಆದರೆ ಅದನ್ನು ಹಾಕಿದ ಬೆನ್ನಿಗೇ ರೋಗ ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೊಡರ್ಮಾ ಹಾಕಿದರೆ ಆ ದುಡ್ಡು ನೀರಿಗೆ ಹಾಕಿದಂತೆ: ಮೊದಲನೆಯದು ಎರಡನೆಯದನ್ನು ಕೊಲ್ಲುತ್ತದೆ.

ಇಷ್ಟೆಲ್ಲ ಮಾಡಿಯೂ ಗಿಡ ಮತ್ತೆ ಕೊಳೆಯುವುದು ಕುಂಡ ಮತ್ತು ಮಣ್ಣು ಹಳೆಯವೇ ಆಗಿರುವುದರಿಂದ. ಬೇರು ಸಾಯುವುದು ನೀರಿನಿಂದಲ್ಲ, ಉಸಿರು ಕಟ್ಟುವುದರಿಂದ. ಬೆಂಜಮಿನಾ, ರಬ್ಬರ್ ಗಿಡದ ತುಂಡುಗಳು ಬರೀ ನೀರಿನಲ್ಲೇ ಬೇರು ಬಿಡುತ್ತವಲ್ಲ! ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬಿ, ಅದು ದಿನಗಟ್ಟಲೆ ಕದಲದೆ ನಿಂತಾಗ ಆಮ್ಲಜನಕ ಮುಗಿಯುತ್ತದೆ. ರೋಗಾಣು ಬರುವುದು ಆಮೇಲೆ.

ಕುಂಡದ ಎತ್ತರ ಏಕೆ ಮುಖ್ಯ ಎಂದು ತಿಳಿಯಲು ಪೂರ್ತಿ ನೆನೆದ ಸ್ಪಂಜೊಂದನ್ನು ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಇನ್ನಷ್ಟು ನೀರು ಸುರಿಯುತ್ತದೆ. ಕುಂಡದಲ್ಲೂ ಹೀಗೆಯೇ. ತಳದಲ್ಲಿ ಒಂದಷ್ಟು ಎತ್ತರದವರೆಗೆ ನೀರು ಇಳಿಯದೆ ನಿಂತೇ ಇರುತ್ತದೆ. ಅಗಲವಾದ ಗಿಡ್ಡ ಕುಂಡದಲ್ಲಿ ಆ ಒದ್ದೆ ಪದರವೇ ಅರ್ಧ ಆಗಿಬಿಡುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲೆ ಏರಿ ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ. ಹಾಗಾಗಿ ಜಲ್ಲಿ, ಹೆಂಚಿನ ಚೂರು ಯಾವುದೂ ಬೇಡ, ತೂತಿಗೊಂದು ಬಲೆ ತುಂಡು ಸಾಕು.

ನನ್ನ ಮಿಶ್ರಣ: ತೆಂಗಿನ ನಾರಿನ ಪುಡಿ ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಶಿಲೆಯ ಹರಳು) ಒಂದೂವರೆ ಪಾಲು, 1–1.5 ಸೆಂಟಿಮೀಟರಿನ ತೊಗಟೆ ಚೂರು ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು. ನಾರಿನ ಪುಡಿಯನ್ನು ಎರಡು ಮೂರು ನೀರಲ್ಲಿ ತೊಳೆದು ಉಪ್ಪಿನಂಶ ಕಳೆಯಬೇಕು. ಪರ್ಲೈಟ್ ಸುರಿಯುವ ಮೊದಲು ನೀರು ಚಿಮುಕಿಸಿ, ಅದರ ಧೂಳು ಎದೆಗೆ ಒಳ್ಳೆಯದಲ್ಲ. ತೋಟದ ಮಣ್ಣು ಒಂದು ಹಿಡಿಯೂ ಬೇಡ. ಮಿಶ್ರಣವನ್ನು ಹಿಡಿಯಷ್ಟು ಒದ್ದೆ ಮಾಡಿ ಹಿಂಡಿ ಬಿಟ್ಟಾಗ ಉಂಡೆಯಾಗಿ ನಿಲ್ಲದೆ ಕುಸಿಯಬೇಕು.

ಕುಂಡದ ಅಳತೆಯನ್ನು ಗಿಡದ ಎತ್ತರ ನೋಡಿ ಆರಿಸಬಾರದು. ಕತ್ತರಿಸಿದ ಮೇಲೆ ಉಳಿದ ಬೇರಿನ ಗೊಂಚಲು 12 ಸೆಂಟಿಮೀಟರ್ ಅಗಲ ಇದ್ದರೆ 15 ಸೆಂಟಿಮೀಟರಿನ ಕುಂಡ. ಇದು ಹಳೆಯದಕ್ಕಿಂತ ಚಿಕ್ಕದಾದರೂ ಸರಿ. ಬೇರು ತಲುಪದ ಮಣ್ಣಿನ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ಅಲ್ಲೇ ಕೊಳೆಯುತ್ತದೆ. ಹಳೆ ಕುಂಡವನ್ನೇ ಬಳಸುವುದಾದರೆ ತಿಕ್ಕಿ ತೊಳೆದು, ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲಿನ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಹಳೆ ಮಣ್ಣು ಮತ್ತೆ ಯಾವ ಕುಂಡಕ್ಕೂ ಬೇಡ.

ಕಾಂಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡುತ್ತೇನೆ. ಬೇರು ಕಡಿಮೆಯಾದ ಎತ್ತರದ ಗಿಡ ಅಲುಗಾಡಿದಾಗಲೆಲ್ಲ ಹೊಸ ತುದಿಗಳು ಮುರಿಯುತ್ತವೆ, ಹಾಗಾಗಿ ಕೋಲು ಕಟ್ಟುವುದನ್ನು ಮರೆಯಬಾರದು. ಬೇರು ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಮೇಲಿನ ಎಲೆಯ ಮೂರನೇ ಒಂದು ಭಾಗ ಸವರುತ್ತೇನೆ, ಕಡಿಮೆ ಹೋಗಿದ್ದರೆ ಎಲೆ ಮುಟ್ಟುವುದಿಲ್ಲ. ಒಂದು ಸಲ ನೀರು ಹಾಯಿಸಿ, ಬಿಸಿಲು ನೇರ ಬೀಳದ ಆದರೆ ಬೆಳಕು ಚೆನ್ನಾಗಿರುವ ಕಡೆ, 20–27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇನೆ. ಹೊಸ ಚಿಗುರು ಕಾಣುವವರೆಗೆ, ಸುಮಾರು ಆರರಿಂದ ಎಂಟು ವಾರ, ಗೊಬ್ಬರ ಇಲ್ಲ. ಮೊದಲ ಎರಡು ವಾರ ಇನ್ನೂ ಕೆಲವು ಎಲೆ ಉದುರುತ್ತವೆ. ಅದಕ್ಕೆ ಹೆದರಿ ಗಿಡ ಮತ್ತೆ ಕಿತ್ತು ನೋಡುವವರೇ ಹೆಚ್ಚಿನ ಗಿಡಗಳನ್ನು ಕೊಲ್ಲುವುದು.

ಮುಂದೆ ನೀರು ಹಾಕುವುದಕ್ಕೆ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ನಾರಿನ ಪುಡಿ ಮೇಲೆ ಒಣಗಿದಂತೆ ಕಂಡರೂ ಕೆಳಗೆ ತೊಪ್ಪೆಯಾಗಿರುತ್ತದೆ. ಬಿದಿರಿನ ಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ: ಕಡ್ಡಿಯ ಮೇಲಿನ ಮೂರನೇ ಒಂದು ಭಾಗ ಒಣಗಿದ್ದು ಕೆಳಗಿನದು ಬರೀ ತಂಪಾಗಿದ್ದರೆ ನೀರು ಹಾಕುವ ಹೊತ್ತು. ಹಾಕುವಾಗ ತೂತಿನಿಂದ ಹರಿಯುವಷ್ಟು ಹಾಕಿ, ಕಾಲು ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಅಲಂಕಾರದ ಹೊರಕುಂಡ ಇದ್ದರೆ ಅದರೊಳಗೂ ಕಣ್ಣಾಡಿಸಿ, ನಿಂತ ನೀರು ಅಲ್ಲಿ ಕಾಣದೆ ಉಳಿಯುತ್ತದೆ. ಎರಡು ಮುಳ್ಳಿನ ಅಗ್ಗದ ತೇವಾಂಶ ಮೀಟರನ್ನು ಇಂಥ ಒರಟು ಮಿಶ್ರಣದಲ್ಲಿ ನಂಬಲಾಗದು, ಗಾಳಿಯ ಸಂದಿಗೆ ತಾಗಿ ಒಣಗಿದೆ ಎನ್ನುತ್ತದೆ.

ಮಣ್ಣಿನ ಮಟ್ಟದಲ್ಲಿ ಕಾಂಡವೇ ಮೆತ್ತಗಾಗಿ ಬೆರಳು ಒತ್ತಿದರೆ ಒಳಗೆ ಹೋಗುವಂತಿದ್ದರೆ ಬೇರಿನ ಚಿಕಿತ್ಸೆ ಬೇಡ. ಮೇಲಿನ ಗಟ್ಟಿ ರೆಂಬೆಯಿಂದ 10–15 ಸೆಂಟಿಮೀಟರಿನ ತುಂಡುಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಸೊನೆ ನಿಲ್ಲುವವರೆಗೆ ನೀರಲ್ಲಿ ತೊಳೆದು, ತುದಿಯ ಎರಡು ಎಲೆ ಮಾತ್ರ ಉಳಿಸಿ, ಒದ್ದೆ ಪರ್ಲೈಟ್‌ನಲ್ಲಿ ಊರಿ ಪಾರದರ್ಶಕ ಚೀಲ ಮುಚ್ಚಿ. ಕತ್ತರಿಸಿದ ಮೇಲ್ಮೈಯಲ್ಲಿ ಕಂದು ಉಂಗುರ ಕಂಡರೆ ಕೊಳೆ ಅಲ್ಲಿಗೂ ಏರಿದೆ ಎಂದರ್ಥ, ಇನ್ನೂ ಮೇಲೆ ಕತ್ತರಿಸಬೇಕು.