ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಅಧ್ಯಾಪಕರು ಉತ್ತರಿಸುವ ಬಗೆ

ಕಾಲೇಜುಗಳಲ್ಲಿ ಫೀಡ್‌ಬ್ಯಾಕ್ ಸಂಗ್ರಹ ಬಹುಮಟ್ಟಿಗೆ ಸೆಮಿಸ್ಟರಿನ ಕೊನೆಗೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತ ತುಂಬಿಸಲೆಂದು ನಡೆಯುತ್ತದೆ. ಬರೆದುಕೊಟ್ಟವರಿಗೆ ಆಗ ಅದರಿಂದ ಯಾವ ಪ್ರಯೋಜನವೂ ಇರುವುದಿಲ್ಲ. ಆದ್ದರಿಂದ ಸೆಮಿಸ್ಟರಿನ ನಡುವೆಯೇ, ಹೆಸರು ಬರೆಯುವ ಒತ್ತಾಯವಿಲ್ಲದೆ, ಕಲಿಕೆಗೆ ಯಾವುದು ನೆರವಾಗುತ್ತಿದೆ, ಯಾವುದು ಅಡ್ಡಿಯಾಗುತ್ತಿದೆ ಎಂದು ಕೇಳಿ. ಯಾರದಾದರೂ ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಮಾತ್ರ ಬರೆದವರನ್ನು ಹುಡುಕುವುದಾಗಿ ಮೊದಲೇ ತಿಳಿಸಿ.

ಒಂದು ವಾರದೊಳಗೆ ತರಗತಿಯಲ್ಲೇ ಉತ್ತರ ಕೊಡಿ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವವರು ಬಸ್ಸು ತಡವಾಗಿ ಮೊದಲ ಪೀರಿಯಡ್ ತಪ್ಪುತ್ತಿದೆ ಎಂದು ಬರೆದಿದ್ದರೆ, ವೇಳಾಪಟ್ಟಿ ಬದಲಿಸುವುದು ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಆರಂಭದ ಕೆಲವು ನಿಮಿಷಗಳನ್ನು ಹಿಂದಿನ ಪಾಠದ ಪುನರಾವರ್ತನೆಗೆ ಇಡುವುದೂ, ನೆಟ್‌ವರ್ಕ್ ಸಿಗದ ಊರಿನವರಿಗೆ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಕೊಡುವುದೂ ಸಾಧ್ಯ. ಆಗದ ಬೇಡಿಕೆಯಿದ್ದರೆ ಏಕೆ ಆಗದೆಂದು ಹೇಳಿ. ಟೀಕೆ ಕಟುವಾಗಿದೆಯೆಂದು ಕೈಬರಹ ಹಿಡಿದು ಬರೆದವರನ್ನು ಪತ್ತೆಮಾಡಲು ಹೊರಟರೆ, ಮುಂದಿನ ಸಲ ಎಲ್ಲ ಹಾಳೆಗಳಲ್ಲೂ "ಚೆನ್ನಾಗಿದೆ" ಎಂಬ ಒಂದೇ ಮಾತು ಇರುತ್ತದೆ.

"ರಾತ್ರಿ ನಿದ್ದೆ ಬರುತ್ತಿಲ್ಲ, ಯಾವುದೂ ಬೇಡವೆನ್ನಿಸುತ್ತದೆ" ಎಂಬಂಥ ಸಾಲು ಕಂಡಾಗ ಹೆಚ್ಚಿನ ಎಚ್ಚರ ಬೇಕು. ಹೆಸರಿಲ್ಲದಿದ್ದರೆ ಆ ಸಾಲನ್ನು ತರಗತಿಯಲ್ಲಿ ಓದಬೇಡಿ. ಮನಸ್ಸಿನ ಕಷ್ಟಕ್ಕೆ ನೆರವು ಸಿಗುತ್ತದೆಂದು ಎಲ್ಲರಿಗೂ ತಿಳಿಸಿ, ಟೆಲಿ ಮಾನಸ್ ಸಂಖ್ಯೆ 14416 ಅನ್ನು ಬೋರ್ಡಿನ ಮೇಲೆ ಬರೆಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸರ್ಕಾರಿ ಸೇವೆ ಉಚಿತವಾಗಿದ್ದು, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತನಾಡಬಹುದು.

ಹೆಸರಿದ್ದರೆ, ನಾಲ್ಕು ಜನ ಓಡಾಡುವ ಸ್ಟಾಫ್ ರೂಮಿಗೆ ಕರೆಸದೆ, ಬೇರೊಂದು ಕಡೆ ಕುಳಿತು, "ನೀನು ಬರೆದದ್ದನ್ನು ಓದಿದೆನಮ್ಮ, ಹೇಗಿದ್ದೀಯ?" ಎಂದು ಕೇಳಿ, ಸುಮ್ಮನಿದ್ದು ಆಲಿಸಿ. "ಅಪ್ಪ ಅಮ್ಮ ತೋಟದಲ್ಲಿ ದುಡಿಯುವುದು ನಿನಗಾಗಿ ತಾನೆ" ಎಂಬ ಬುದ್ಧಿಮಾತು, ಒಳ್ಳೆಯ ಮನಸ್ಸಿನಿಂದಲೇ ಬಂದರೂ, ಈಗಾಗಲೇ ಅದೇ ಭಾರ ಹೊತ್ತಿರುವ ಹುಡುಗಿಯ ಬಾಯಿ ಮುಚ್ಚಿಸುತ್ತದೆ. ಅನುಮಾನವಿದ್ದರೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಯಾರಿಗೂ ಹೇಳುವುದಿಲ್ಲವೆಂಬ ಭಾಷೆಯನ್ನು ಮಾತ್ರ ಕೊಡಬೇಡಿ.

ಹೌದೆಂಬ ಉತ್ತರ ಬಂದರೆ ಒಬ್ಬಳನ್ನೇ ಬಿಡದೆ, ಪ್ರಾಂಶುಪಾಲರಿಗೂ ಹಾಸ್ಟೆಲ್ ವಾರ್ಡನ್‌ಗೂ ಅವಶ್ಯವಿದ್ದಷ್ಟನ್ನೇ ತಿಳಿಸಿ, ಅಂದೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಮನೆಯವರಿಗೆ ಯಾರು ಹೇಗೆ ಹೇಳಬೇಕೆಂಬುದನ್ನು ಅವಳೊಡನೆಯೇ ಮಾತಾಡಿಕೊಳ್ಳಿ. ಆತ್ಮಹತ್ಯೆಗೆ ಯತ್ನಿಸಿದ್ದರೆ ಕೇಸಾಗುತ್ತದೆಂಬ ಭಯದಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು ಹಾಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಒದಗಿಸಲು ಹೇಳುತ್ತದೆ.

ಅವಳು ತರಗತಿಗೆ ಮರಳಿದ ಮೇಲೆ ಹಾಜರಾತಿ ಕೊರತೆ, ಬಾಕಿಯಿರುವ ಇಂಟರ್ನಲ್ಸ್, ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಇವುಗಳನ್ನು ನೀವೇ ಕಚೇರಿಯಲ್ಲಿ ವಿಚಾರಿಸಿಕೊಡಿ.