ಮಾನವಶಾಸ್ತ್ರ: ಓದು ಎಲ್ಲಿಂದ ಶುರು ಮಾಡಬೇಕು?

ಮಾನವಶಾಸ್ತ್ರ ಎಂದೊಡನೆ ಅನೇಕರಿಗೆ ನೆನಪಾಗುವುದು ಹಳೆಯ ತಲೆಬುರುಡೆ, ಇಲ್ಲವೇ ಕಾಡಿನೊಳಗಿನ ಬುಡಕಟ್ಟು. ಎರಡೂ ಈ ಶಾಸ್ತ್ರದಲ್ಲಿವೆ, ಆದರೆ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಹೊಸದಾಗಿ ಓದುವವರು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡದೆ ಹೀಗೆ ಶುರು ಮಾಡಲಿ ಎಂಬುದು ನನ್ನ ಆಸೆ.

ಮೊದಲು, ನಾಲ್ಕು ಶಾಖೆಗಳನ್ನು ಪ್ರಶ್ನೆಗಳಾಗಿ ಬರೆದುಕೊಳ್ಳಿ. ನಮ್ಮ ದೇಹ ಹೀಗಾದದ್ದು ಹೇಗೆ ಎಂದು ಕೇಳುವುದು ಜೈವಿಕ ಮಾನವಶಾಸ್ತ್ರ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ ‘ಲೂಸಿ’ ಎಂಬ ಪ್ರಾಚೀನ ಮಾನವಬಂಧುವಿನ ಎಲುಬುಗಳಿಗೆ ಸುಮಾರು 32 ಲಕ್ಷ ವರ್ಷ. ಮಿದುಳು ದೊಡ್ಡದಾಗುವ ಎಷ್ಟೋ ಮೊದಲೇ ಮಾನವ ವಂಶದ ಬಂಧುಗಳು ಎರಡು ಕಾಲಿನ ಮೇಲೆ ನಡೆಯುತ್ತಿದ್ದರು ಎಂಬುದಕ್ಕೆ ಅವು ಸಾಕ್ಷಿ. ಹಿಂದಿನವರು ಬಿಟ್ಟುಹೋದ ವಸ್ತುಗಳಿಂದ ಅವರ ಬದುಕನ್ನು ಅರಿಯುವುದು ಪುರಾತತ್ತ್ವ. ಮಾತಿಗೂ ಸಮಾಜಕ್ಕೂ ಇರುವ ನಂಟು ಭಾಷಾ ಮಾನವಶಾಸ್ತ್ರದ್ದು. ನಂಬಿಕೆ, ವಿವಾಹ, ವಿನಿಮಯ, ಅಧಿಕಾರ ಇವೆಲ್ಲ ಸಾಮಾಜಿಕ-ಸಾಂಸ್ಕೃತಿಕ ಶಾಖೆಯವು.

ಆಮೇಲೆ ನಿಮ್ಮ ಮನೆತನದ ಬಂಧುತ್ವ ನಕ್ಷೆ ಬರೆಯಿರಿ, ಅಂದರೆ ಯಾರು ಯಾರಿಗೆ ಏನಾಗಬೇಕು ಎಂದು ತೋರಿಸುವ ಚಿತ್ರ. ಪುರುಷನಿಗೆ ತ್ರಿಕೋನ, ಸ್ತ್ರೀಗೆ ವೃತ್ತ, ವಿವಾಹಕ್ಕೆ ಸಮಚಿಹ್ನೆ, ಸಂತಾನಕ್ಕೆ ಲಂಬ ಗೆರೆ, ಒಡಹುಟ್ಟಿದವರಿಗೆ ಅಡ್ಡ ಗೆರೆ. ಪ್ರತಿ ಗುರುತಿನ ಕೆಳಗೆ ಅವರನ್ನು ಕರೆಯುವ ಪದವಿರಲಿ. ‘ಹವಾಯಿ ಪದ್ಧತಿ’ ಎಂದು ಕರೆಯುವ ಬಂಧುಪದಗಳ ಕ್ರಮದಲ್ಲಿ ತಂದೆಗೂ ತಂದೆತಾಯಿಯರ ಸೋದರರಿಗೂ ಒಂದೇ ಪದ. ರಕ್ತಸಂಬಂಧ ಒಂದೇ ಆದರೂ ಅದನ್ನು ವಿಂಗಡಿಸುವ ಬಗೆ ಸಮಾಜದಿಂದ ಸಮಾಜಕ್ಕೆ ಬೇರೆ. ‘ಸಂಸ್ಕೃತಿ’ ಎಂಬ ಪರಿಕಲ್ಪನೆಯನ್ನು ಇಷ್ಟು ಸುಲಭವಾಗಿ ಕೈಗೆ ಕೊಡುವ ಅಭ್ಯಾಸ ಇನ್ನೊಂದನ್ನು ನಾನು ಕಂಡಿಲ್ಲ.

ಮೂರನೆಯದು ಕ್ಷೇತ್ರಕಾರ್ಯ, ಅಂದರೆ ಜನರ ನಡುವೆಯೇ ಇದ್ದು ಅವರ ಬದುಕನ್ನು ಅರಿಯುವುದು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ ಎರಡು ಬಾರಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿ ನೆಲೆಸಿದರು, ಅಲ್ಲಿನ ಭಾಷೆಯಲ್ಲೇ ಮಾತನಾಡಿದರು. ಅಲ್ಲಿಯ ‘ಕುಲಾ’ ವಿನಿಮಯದಲ್ಲಿ ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣವಾಗಿ ಸಾಗುತ್ತವೆ, ಬಿಳಿ ಚಿಪ್ಪಿನ ತೋಳಬಳೆಗಳು ಅದಕ್ಕೆ ಎದುರಾಗಿ. ಯಾರೂ ಅವನ್ನು ಸದಾ ಇಟ್ಟುಕೊಳ್ಳುವುದಿಲ್ಲ. ಲಾಭವಿಲ್ಲದೆ ಇಷ್ಟು ಅಪಾಯದ ಕಡಲಯಾನವೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಒಳಗಿದ್ದು ನೋಡಿದವರಿಗೆ ಕೀರ್ತಿ, ಸ್ನೇಹ, ಋಣ ಎಲ್ಲವೂ ಅದರಲ್ಲೇ ಹೆಣೆದಿರುವುದು ತಿಳಿಯುತ್ತದೆ. ಸ್ವಂತ ಅಳತೆಗೋಲನ್ನು ಬದಿಗಿಟ್ಟು ಆಯಾ ಜನರ ಅರ್ಥಲೋಕದಲ್ಲೇ ಆಚರಣೆಯನ್ನು ಗ್ರಹಿಸುವ ಈ ಕ್ರಮವೇ ಸಾಂಸ್ಕೃತಿಕ ಸಾಪೇಕ್ಷತೆ. ಗ್ರಹಿಸಿದ್ದನ್ನೆಲ್ಲ ಒಪ್ಪಬೇಕೆಂದು ಇದರ ಅರ್ಥವಲ್ಲ.

ಈಗ ನೀವೇ ಒಂದು ಗಂಟೆ, ಅನುಮತಿ ಪಡೆದು, ಯಾರದಾದರೂ ಕೆಲಸವನ್ನು ನೋಡಿ ಬರೆಯಿರಿ. ಕಂಡದ್ದು ಪುಟದ ಎಡಕ್ಕೆ, ಅನ್ನಿಸಿದ್ದು ಬಲಕ್ಕೆ. ಹೆಸರು ಬೇಡ. ಬರೆದದ್ದನ್ನು ಆ ವ್ಯಕ್ತಿಗೇ ಓದಿ ಹೇಳಿ. ಅವರು ‘ಹಾಗಲ್ಲ’ ಎಂದ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಮುಂದಿನ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಅಲ್ಲೇ ಇರುತ್ತವೆ.