ಅನಲೈಸರ್ ಬದಲಿಸದೆ ಎಸ್‌ಒ2 ರೀಡಿಂಗ್ ಸರಿ ಮಾಡಿದ್ದು

ನಮ್ಮ ಬಾಯ್ಲರ್ ಚಿಮಣಿಯ ಹೊಗೆಯಲ್ಲಿ ಎಸ್‌ಒ2 (ಸಲ್ಫರ್ ಡೈಆಕ್ಸೈಡ್) ಎಷ್ಟಿದೆ ಅಂತ ಅನಲೈಸರ್ ಅನ್ನೋ ಯಂತ್ರ ಸದಾ ಅಳೆಯುತ್ತೆ. ಲ್ಯಾಬ್‌ನವರು ಚಿಮಣಿ ಹತ್ತಿ ಸ್ಯಾಂಪಲ್ ತೆಗೆದಾಗಲೆಲ್ಲ ಅವರ ಎಸ್‌ಒ2 ನಮ್ಮ ಆನ್‌ಲೈನ್ ರೀಡಿಂಗ್‌ಗಿಂತ ನೂರಕ್ಕೆ 12ರಷ್ಟು ಜಾಸ್ತಿ ಬರುತ್ತಿತ್ತು. "ಅನಲೈಸರ್ ಹಳೇದಾಯ್ತು, ಬದಲಿಸಿ" ಅಂತ ಎಲ್ಲರದ್ದೂ ಒಂದೇ ರಾಗ. ಹೊಸದಕ್ಕೆ ಕೊಟೇಶನ್ನೂ ಬಂದಿತ್ತು. ತಪ್ಪು ಅನಲೈಸರ್‌ನಲ್ಲಿಲ್ಲ, ಗ್ಯಾಸ್ ಬರೋ ದಾರಿಯಲ್ಲಿದೆ ಅಂದೆ. ಮೀಟಿಂಗ್‌ನಲ್ಲಿ ನಕ್ಕರು.

500 ಪಿಪಿಎಂ (ಹತ್ತು ಲಕ್ಷದಲ್ಲಿ 500 ಭಾಗ) ಎಸ್‌ಒ2 ಇರೋ ಸ್ಪಾನ್ ಗ್ಯಾಸನ್ನು, ಅಂದರೆ ಪರೀಕ್ಷೆಗೆ ಇಟ್ಟ ಅಳತೆ ಗೊತ್ತಿರೋ ಗ್ಯಾಸನ್ನು, ನೇರ ಅನಲೈಸರ್‌ಗೆ ಕೊಟ್ಟರೆ 497 ತೋರಿಸುತ್ತಿತ್ತು. ಅದೇ ಗ್ಯಾಸನ್ನು ಮೇಲೆ, ಚಿಮಣಿಯಿಂದ ಹೊಗೆ ಎಳೆಯೋ ಪ್ರೋಬ್‌ನಿಂದ ಬಿಟ್ಟೆ. 430! ಗ್ಯಾಸ್ ಉಳಿಸೋಕೆ ನಾವೆಲ್ಲ ಸುಮ್ನೆ ಕೆಳಗಿನಿಂದಲೇ ಕ್ಯಾಲಿಬ್ರೇಶನ್ (ಅಳತೆ ಸರಿ ನೋಡೋದು) ಮುಗಿಸುತ್ತೇವೆ, ಅಲ್ವಾ?

ಮೊದಲ ಎರಡು ವಾರ ದಂಡ. ಪ್ರೋಬ್ ಫಿಲ್ಟರ್ ಬದಲಿಸಿದೆ, ಗ್ಯಾಸ್ಕೆಟ್ ಬದಲಿಸಿದೆ, ಏನೂ ಆಗಲಿಲ್ಲ. ಲೀಕ್ ಹುಡುಕೋಕೆ ಸೋಪಿನ ನೀರು ಹಚ್ಚಿ ಒಂದು ಗಂಟೆ ಕೂತೆ. ಪಂಪು ಒಳಕ್ಕೆ ಎಳೆಯೋ ಲೈನಿನಲ್ಲಿ ಗುಳ್ಳೆ ಎಲ್ಲಿಂದ ಬರಬೇಕು! ಆಮೇಲೆ ಪ್ರೋಬ್‌ನಿಂದ ಬರೀ ನೈಟ್ರೋಜನ್ ಬಿಟ್ಟೆ. ಸೊನ್ನೆ ಇರಬೇಕಾದ ಆಕ್ಸಿಜನ್ ಸುಮಾರು 2 ಪರ್ಸೆಂಟ್ ತೋರಿಸಿತು. ಅಂದರೆ ಎಲ್ಲೋ ಹೊರಗಿನ ಗಾಳಿ ಸೇರುತ್ತಿತ್ತು. ಗ್ಯಾಸ್ ತಣಿಸಿ ನೀರು ಬೇರೆ ಮಾಡೋ ಚಿಲ್ಲರ್ ಕೆಳಗೆ ಆ ನೀರು ಎಳೆಯೋ ಪುಟ್ಟ ಪಂಪಿನ ರಬ್ಬರ್ ಟ್ಯೂಬು ಉಗುರಿನಷ್ಟು ಸೀಳಿತ್ತು. ಟ್ಯೂಬ್ ಹಾಕಿದ ಮೇಲೆ 430 ಇದ್ದದ್ದು 475 ಆಯಿತು. ಬಾಯ್ಲರ್‌ನವನು "ನನ್ನ ಆಕ್ಸಿಜನ್ ಐದೂವರೆ, ನಿನ್ನದು ಏಳು ಯಾಕೆ?" ಅಂತ ತಿಂಗಳುಗಟ್ಟಲೆ ಜಗಳ ಮಾಡಿದ್ದ. ಪಾಪ, ಅವನೇ ಸರಿ.

ಆದರೆ ಲ್ಯಾಬ್ ಜೊತೆಗಿನ 12 ಹಾಗೇ ಇತ್ತು. ಯಾಕೆಂದರೆ ಲ್ಯಾಬ್ ಜೊತೆ ಹೋಲಿಸೋದು ಆಕ್ಸಿಜನ್‌ಗೆ ತಿದ್ದಿದ, ಅಂದರೆ ಎರಡನ್ನೂ ಒಂದೇ ಆಕ್ಸಿಜನ್ ಮಟ್ಟಕ್ಕೆ ತಂದ ಅಂಕಿಯನ್ನು. ಆ ಲೆಕ್ಕದಲ್ಲಿ ಈ ಲೀಕ್ ಕಾಣೋದೇ ಇಲ್ಲ. ಗಾಳಿ ಸೇರಿ ಎಸ್‌ಒ2 ಎಷ್ಟು ತೆಳುವಾಗುತ್ತೋ, ಏರಿದ ಆಕ್ಸಿಜನ್ ಅಷ್ಟನ್ನೇ ಲೆಕ್ಕದಲ್ಲಿ ವಾಪಸ್ ತುಂಬಿಬಿಡುತ್ತೆ.

ನಿಜವಾದ ಕಳ್ಳ ಮೇಲಿದ್ದ. ಪ್ರೋಬ್ 180 ಡಿಗ್ರಿ, ಅಲ್ಲಿಂದ ಗ್ಯಾಸ್ ಬಿಸಿಯಾಗೇ ಕೆಳಗೆ ತರೋ ಹೀಟೆಡ್ ಲೈನೂ 180. ಎರಡರ ಮಧ್ಯೆ ನಾಲ್ಕು ಬೆರಳು ಉದ್ದದ ಸ್ಟೀಲ್ ಟ್ಯೂಬು ಬರಿಮೈಯಲ್ಲಿ ಗಾಳಿಗೆ ನಿಂತಿತ್ತು. ರಾತ್ರಿ ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) ಇಟ್ಟೆ, 45 ಕೂಡ ಇರಲಿಲ್ಲ. ಬಿಚ್ಚಿದರೆ ಒಳಗೆ ಹಳದಿ ಅಂಟು ನೀರು. ಎಸ್‌ಒ2 ಅಲ್ಲೇ ಕರಗಿ ಕೂರುತ್ತಿತ್ತು. ಜಾಯಿಂಟ್ ಮೇಲೆ ಸಣ್ಣ ಹೀಟರ್ ಸುತ್ತಿ ಮುಚ್ಚಿದೆ. ಹೇಗೆ ಸುತ್ತಿದರೆ ಮಳೆಗೂ ಜಗ್ಗಲ್ಲ ಅನ್ನೋದು ನನ್ನ ಹತ್ತಿರವೇ ಇರಲಿ. ಈಗ ಪ್ರೋಬ್‌ನಿಂದ 494-496 ಬರುತ್ತೆ, ಲ್ಯಾಬ್ ಜೊತೆ ವ್ಯತ್ಯಾಸ ಮೂರೋ ನಾಲ್ಕೋ ಪರ್ಸೆಂಟ್.

ಖರ್ಚು? ಹೊಸ ಅನಲೈಸರ್ ಬೆಲೆಯಲ್ಲಿ ನೂರಕ್ಕೆ ಮೂರು ಭಾಗವೂ ಆಗಲಿಲ್ಲ. ಅದರಲ್ಲೂ ಮುಕ್ಕಾಲು ಹೋಗಿದ್ದು ಸ್ಪಾನ್ ಗ್ಯಾಸ್‌ಗೆ. ಮೇಲಿನಿಂದ ಬಿಟ್ಟರೆ ಲೈನು ಅದನ್ನು ಕುಡಿಯುತ್ತೆ. ವರ್ಷ ಬರೋ ಸಿಲಿಂಡರ್ ನಾಲ್ಕು ತಿಂಗಳಿಗೇ ಖಾಲಿ.

ಮಧ್ಯೆ ಬ್ಲೋಬ್ಯಾಕ್ (ಪ್ರೋಬ್ ಫಿಲ್ಟರಿನ ಧೂಳನ್ನು ಗಾಳಿಯಿಂದ ಹಿಂದಕ್ಕೆ ಊದೋದು) ಮೇಲೂ ಕೈಯಾಡಿಸಿದೆ. ಗಂಟೆಗೊಮ್ಮೆ ತಣ್ಣನೆ ಗಾಳಿ ಹೊಡೆದು ಬಿಸಿ ಫಿಲ್ಟರನ್ನು ನಾವೇ ಒದ್ದೆ ಮಾಡುತ್ತಿದ್ದೆವು. ಈಗ ನಾಲ್ಕು ಗಂಟೆಗೊಮ್ಮೆ, ಗಾಳಿಯನ್ನೂ ಬಿಸಿ ಮಾಡಿಯೇ ಬಿಡುತ್ತೇನೆ. ಚಿಲ್ಲರ್‌ಗೆ ಫಾಸ್ಫಾರಿಕ್ ಆಸಿಡ್ ಹನಿಸಿ ಉಳಿದ ಎರಡು-ಮೂರು ಪಿಪಿಎಂ ಅಲ್ಲಿನ ನೀರಿನಲ್ಲಿ ಕರಗದಂತೆ ಹಿಡಿಯೋಕೆ ಹೊರಟಿದ್ದೇನೆ, ಡೋಸಿಂಗ್ ಪಂಪು ಇನ್ನೂ ಸ್ಟೋರ್‌ನಲ್ಲಿದೆ.